ಕಿಟಕಿಯ ಬಿಸಿಲು ಸಾಲದು: ಸಾಕಿದ ಹಲ್ಲಿ ಜಾತಿಗಳ ಮೊಟ್ಟೆ ಮತ್ತು 'ಡಿ' ಜೀವಸತ್ವ

ಒಂದು ಶನಿವಾರ ಸಂಜೆ ನಮ್ಮ ಪಶುಚಿಕಿತ್ಸಾಲಯಕ್ಕೆ ಒಂದು ಕುಟುಂಬ ಬಂದಿತ್ತು. ತಂದೆಯ ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಪಕ್ಕದಲ್ಲಿ ಎಂಟನೇ ತರಗತಿ ಓದುವ ಹುಡುಗ, ಅವನ ಹಿಂದೆ ಮೆಲ್ಲನೆ ಹೆಜ್ಜೆಯಿಡುತ್ತಾ ಅಜ್ಜಿ. ನಾಯಿಮರಿ ಇರಬಹುದೆಂದುಕೊಂಡು ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಹಸಿರು ಇಗುವಾನಾ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಈ ದೊಡ್ಡ ಓತಿ ಈಗ ನಮ್ಮ ನಗರಗಳ ಮನೆಗಳಿಗೂ ಬಂದಿದೆ. ಹುಡುಗ ಅದಕ್ಕೆ 'ಪಚ್ಚೆ' ಎಂದು ಹೆಸರಿಟ್ಟಿದ್ದ. ವಯಸ್ಸು ನಾಲ್ಕು ವರ್ಷ.

"ಹತ್ತು ದಿನದಿಂದ ಏನೂ ತಿಂತಿಲ್ಲ ಸರ್. ಹೊಟ್ಟೆ ಮಾತ್ರ ದಪ್ಪ ಆಗ್ತಾ ಇದೆ. ಮೂಲೆಯಲ್ಲಿ ಕೆರೀತಾನೇ ಇರುತ್ತೆ" ಎಂದ ಹುಡುಗ.

ಮುಟ್ಟಿ ನೋಡಿದೆ. ಹಿಂಗಾಲಿನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಕೆಳದವಡೆಯನ್ನು ಮೆಲ್ಲಗೆ ಒತ್ತಿದರೆ ಮೂಳೆಯ ಗಟ್ಟಿತನವೇ ಇಲ್ಲದೆ ರಬ್ಬರಿನಂತೆ ಬಾಗುತ್ತಿತ್ತು. ಕ್ಷ-ಕಿರಣ ಚಿತ್ರ ತೆಗೆಸಿದಾಗ ವಿಷಯ ಸ್ಪಷ್ಟವಾಯಿತು. ಹೊಟ್ಟೆಯ ತುಂಬ ದ್ರಾಕ್ಷಿ ಗೊಂಚಲಿನಂತೆ ಮೊಟ್ಟೆಗಳು. ಆದರೆ ಬೆಳ್ಳಗೆ ಕಾಣಿಸಬೇಕಾಗಿದ್ದ ಬೆನ್ನುಮೂಳೆ, ತೊಡೆಮೂಳೆಗಳು ಸುತ್ತಲಿನ ಮಾಂಸದ ನೆರಳಿನಲ್ಲಿ ಕರಗಿಹೋದಂತಿದ್ದವು. ಇಗುವಾನಾ ಮೊಟ್ಟೆ ಇಡಲಾರದೆ ಕಷ್ಟಪಡುತ್ತಿತ್ತು.

"ಗಂಡೇ ಇಲ್ಲವಲ್ಲ, ಮೊಟ್ಟೆ ಹೇಗೆ ಬಂತು?" ಎಂದು ತಂದೆ ಕೇಳಿದರು. ಫಾರಂ ಕೋಳಿಗಳು ಹುಂಜವಿಲ್ಲದೆಯೂ ಮೊಟ್ಟೆ ಇಡುವುದಿಲ್ಲವೇ? ಹಾಗೆಯೇ ಪ್ರಾಯಕ್ಕೆ ಬಂದ ಹೆಣ್ಣು ಇಗುವಾನಾ ಕೂಡ ಗಂಡಿನ ಸಂಪರ್ಕವಿಲ್ಲದೆ ಮೊಟ್ಟೆ ಕಟ್ಟುತ್ತದೆ. ಆ ಮೊಟ್ಟೆಗಳಿಂದ ಮರಿಯಾಗುವುದಿಲ್ಲ, ಅಷ್ಟೆ. ತಾಯಿಯ ದೇಹ ಪಡುವ ಶ್ರಮ ಮಾತ್ರ ಒಂದೇ.

ನಾನು ಕೇಳಿದ ಮುಂದಿನ ಪ್ರಶ್ನೆ, "ಬಿಸಿಲು ಕಾಣಿಸುತ್ತೀರಾ?" ಹುಡುಗ ಹೆಮ್ಮೆಯಿಂದಲೇ ಉತ್ತರಿಸಿದ: "ದಿನಾ ಬೆಳಿಗ್ಗೆ ಎರಡು ಗಂಟೆ ಸರ್. ಗಾಜಿನ ತೊಟ್ಟಿ ಪೂರ್ವದ ಕಿಟಕಿ ಪಕ್ಕದಲ್ಲೇ ಇದೆ. ಚಳಿಗೆ ಬಲ್ಬೂ ಹಾಕ್ತೀವಿ." ಆಹಾರ ಏನೆಂದರೆ ಸೌತೆಕಾಯಿ, ಎಲೆಕೋಸು, ಬಾಳೆಹಣ್ಣು.

ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಆ ಪ್ರಾಣಿ ನಾಲ್ಕು ವರ್ಷದಿಂದ ಒಂದು ರೀತಿಯ ಕತ್ತಲಲ್ಲೇ ಬದುಕಿತ್ತು. ಅದು ಹೇಗೆ ಎಂಬುದನ್ನು ವಿವರಿಸುವುದೇ ಈ ವಾರದ ಲೇಖನದ ಉದ್ದೇಶ. ಹಲ್ಲಿ ಸಾಕದ ಓದುಗರು ಪುಟ ಮಗುಚಬಾರದು. ಕೊನೆಯಲ್ಲಿ ಅಜ್ಜಿ ಕೇಳಿದ ಒಂದು ಪ್ರಶ್ನೆ ಎಲ್ಲ ಮನೆಗಳಿಗೂ ಸೇರಿದ್ದು.

ಚರ್ಮವೇ ಅಡುಗೆಮನೆ

'ಡಿ' ಜೀವಸತ್ವಕ್ಕೆ ಜೀವಸತ್ವ ಎಂಬ ಹೆಸರಿದ್ದರೂ ಅದರ ಸ್ವಭಾವ ಬೇರೆ ಜೀವಸತ್ವಗಳಂತಲ್ಲ. ಅದನ್ನು ದೇಹವೇ ತಯಾರಿಸಿಕೊಳ್ಳಬಲ್ಲದು. ಮನುಷ್ಯರಲ್ಲಿರುವಂತೆ ಹಲ್ಲಿಗಳ ಚರ್ಮದಲ್ಲಿಯೂ ಕೊಲೆಸ್ಟರಾಲ್‌ಗೆ ಹತ್ತಿರದ ಒಂದು ವಸ್ತು ಇರುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಲ್ಲಿ 'ಬಿ' ಎಂಬ ಪಟ್ಟಿಗೆ ಸೇರಿದ, ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಕಿರಣಗಳು ಬಿದ್ದಾಗ ಈ ವಸ್ತು 'ಡಿ' ಜೀವಸತ್ವದ ಪೂರ್ವರೂಪವಾಗಿ ಬದಲಾಗುತ್ತದೆ. ಆಮೇಲೆ ದೇಹದ ಶಾಖದಿಂದ ಅದು 'ಡಿ-3' ಆಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕೆಲಸ ಮಾಡುವುದು ಬೆಳಕೂ ಅಲ್ಲ, ಬರೀ ಶಾಖವೂ ಅಲ್ಲ. ಕಣ್ಣಿಗೆ ಕಾಣದ ಆ ಕಿರಣ. ಎರಡನೆಯದು, ಕಿರಣದ ನಂತರದ ಹೆಜ್ಜೆಗೆ ಶಾಖವೂ ಬೇಕು. ನಮ್ಮ ದೇಹ ಸದಾ ಬೆಚ್ಚಗಿರುವುದರಿಂದ ನಮಗೆ ಅದು ಸಮಸ್ಯೆಯಲ್ಲ. ಆದರೆ ಹಲ್ಲಿ ಶೀತರಕ್ತದ ಪ್ರಾಣಿ. ಸುತ್ತಲಿನ ಶಾಖವೇ ಅದರ ಮೈಶಾಖ. ಆದ್ದರಿಂದ ಕಿರಣ ಮತ್ತು ಶಾಖ ಎರಡೂ ಒಂದೇ ಜಾಗದಲ್ಲಿ, ಮೇಲಿನಿಂದ, ಸೂರ್ಯನ ಬಿಸಿಲಿನಲ್ಲಿ ಸಿಗುವಂತೆ ಒಟ್ಟಿಗೆ ಸಿಗಬೇಕು.

ಹೀಗೆ ಹುಟ್ಟಿದ 'ಡಿ-3' ರಕ್ತದ ಮೂಲಕ ಯಕೃತ್ತಿಗೆ ಹೋಗಿ ಒಂದು ರೂಪ ಪಡೆಯುತ್ತದೆ. ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಪೂರ್ಣ ಶಕ್ತಿಯ ರೂಪ ತಾಳುತ್ತದೆ. ಆಹಾರದಲ್ಲಿರುವ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕರುಳು ಚೆನ್ನಾಗಿ ಹೀರಿಕೊಳ್ಳಬೇಕಾದರೆ ಈ ಕೊನೆಯ ರೂಪ ಇರಲೇಬೇಕು. 'ಡಿ' ಇಲ್ಲದಿದ್ದರೆ ತಟ್ಟೆಯಲ್ಲಿ ಎಷ್ಟೇ ಸುಣ್ಣದ ಅಂಶ ಹಾಕಿದರೂ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ.

ಇನ್ನು ಗಾಜಿನ ವಿಷಯ. ಕಿಟಕಿಯ ಸಾಮಾನ್ಯ ಗಾಜು ಬೆಳಕನ್ನು ಬಿಡುತ್ತದೆ, ಶಾಖವನ್ನೂ ಬಿಡುತ್ತದೆ. ಆದರೆ 'ಬಿ' ಪಟ್ಟಿಯ ನೇರಳಾತೀತ ಕಿರಣಗಳನ್ನು ಹೆಚ್ಚು ಕಡಿಮೆ ಪೂರ್ತಿಯಾಗಿ ತಡೆದುಬಿಡುತ್ತದೆ. ನಮ್ಮ ಪಚ್ಚೆ ದಿನವೂ ಎರಡು ಗಂಟೆ ಬಿಸಿಲು ಕಾಯುತ್ತಿದ್ದರೂ ಅದರ ಮೈಮೇಲೆ ಬೀಳಬೇಕಾದ ಕಿರಣ ಒಂದೂ ಬೀಳುತ್ತಿರಲಿಲ್ಲ. ಚಳಿಗೆಂದು ಹಾಕುತ್ತಿದ್ದ ಸಾಮಾನ್ಯ ಬಲ್ಬಿನಲ್ಲಿಯೂ ಆ ಕಿರಣ ಇರುವುದಿಲ್ಲ.

ಮೊಟ್ಟೆ ಕಟ್ಟುವ ಹೊತ್ತಿನ ಸಾಲ

ಮೊಟ್ಟೆ ಕಟ್ಟುವ ಕಾಲ ಹೆಣ್ಣು ಹಲ್ಲಿಯ ಬದುಕಿನಲ್ಲಿ ಅತ್ಯಂತ ದುಬಾರಿ ಕಾಲ. ಯಕೃತ್ತು ಭಂಡಾರವನ್ನು, ಅಂದರೆ ಮೊಟ್ಟೆಯ ಹಳದಿ ಭಾಗವನ್ನು, ಕಟ್ಟುವ ಪ್ರೋಟೀನನ್ನು ತಯಾರಿಸುತ್ತದೆ. ಸುಣ್ಣದ ಅಂಶ ಆ ಪ್ರೋಟೀನಿಗೆ ಅಂಟಿಕೊಂಡು ರಕ್ತದಲ್ಲಿ ಹರಿದು ಅಂಡಾಶಯಕ್ಕೆ ಸೇರುತ್ತದೆ. ಒಂದು ಇಗುವಾನಾ ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅಷ್ಟಕ್ಕೂ ಸುಣ್ಣದ ಅಂಶ ಬೇಕು.

ಆಹಾರದಿಂದ ಬಾರದಿದ್ದರೆ ಅದು ಬರುವುದು ಎಲ್ಲಿಂದ? ತಾಯಿಯ ಮೂಳೆಯಿಂದ. ರಕ್ತದಲ್ಲಿ ಸುಣ್ಣದ ಅಂಶ ಇಳಿದ ತಕ್ಷಣ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ಮೂಳೆಯನ್ನು ಕರಗಿಸಿ ರಕ್ತಕ್ಕೆ ತುಂಬಲು ಆರಂಭಿಸುತ್ತವೆ. ದವಡೆ ಮೆತ್ತಗಾಗುವುದು, ಕಾಲು ಊದಿಕೊಳ್ಳುವುದು, ಬೆನ್ನು ಡೊಂಕಾಗುವುದು, ಸಣ್ಣ ಪೆಟ್ಟಿಗೇ ಮೂಳೆ ಮುರಿಯುವುದು, ಇವೆಲ್ಲ ಹೀಗೆ ಮೂಳೆಯಿಂದ ಮಾಡಿದ ಸಾಲದ ಬಡ್ಡಿ.

ಮೂಳೆಯೂ ಬರಿದಾಗುತ್ತಾ ಬಂದಾಗ ಇನ್ನೊಂದು ಅಪಾಯ ಎದುರಾಗುತ್ತದೆ. ಸ್ನಾಯುಗಳು ಸಂಕುಚಿಸಬೇಕಾದರೆ ಸುಣ್ಣದ ಅಂಶ ಅಗತ್ಯ. ಮೊಟ್ಟೆಯನ್ನು ಹೊರಗೆ ತಳ್ಳುವ ಅಂಡನಾಳವೂ ಸ್ನಾಯುವೇ. ಅದಕ್ಕೆ ಬಲವಿಲ್ಲದಾಗ ಮೊಟ್ಟೆಗಳು ಒಳಗೇ ನಿಂತುಬಿಡುತ್ತವೆ. ಇದು ತುರ್ತು ಪರಿಸ್ಥಿತಿ. ಮೊಟ್ಟೆ ಒಳಗೇ ನಿಲ್ಲಲು ಬೇರೆ ಕಾರಣಗಳೂ ಉಂಟು. ಅಗೆದು ಮೊಟ್ಟೆ ಇಡಲು ಮಣ್ಣು, ಮರಳಿನ ಜಾಗ ಇಲ್ಲದಿರುವುದು ಅವುಗಳಲ್ಲಿ ಮುಖ್ಯ. ಗಾಜಿನ ತೊಟ್ಟಿಯ ಮೂಲೆಯಲ್ಲಿ ಪಚ್ಚೆ ಕೆರೆಯುತ್ತಿದ್ದದ್ದು ಆ ಜಾಗವನ್ನು ಹುಡುಕಿಕೊಂಡೇ.

ಇಲ್ಲಿ ವೈದ್ಯರೂ ಮೋಸಹೋಗುವುದುಂಟು. ಮೊಟ್ಟೆ ಕಟ್ಟಿದ ಹೆಣ್ಣಿನ ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಂಡ ಸುಣ್ಣದ ಅಂಶವೂ ಸೇರಿ ಒಟ್ಟು ಲೆಕ್ಕ ಹೆಚ್ಚಾಗಿಯೇ ಕಾಣಿಸಬಹುದು. ಆದರೆ ಸ್ನಾಯು, ನರಗಳ ಉಪಯೋಗಕ್ಕೆ ಬರುವುದು ಅಂಟಿಕೊಳ್ಳದೆ ಬಿಡಿಯಾಗಿರುವ ಅಯಾನು ರೂಪದ ಭಾಗ ಮಾತ್ರ. ಅದನ್ನೇ ಅಳೆಯಬೇಕು.

ಬಲಿತರೂ ಹೊರಬಾರದ ಮರಿಗಳು

ತಾಯಿ ಹೇಗೋ ಬದುಕಿ ಮೊಟ್ಟೆ ಇಟ್ಟಳೆನ್ನೋಣ. ಅಲ್ಲಿಗೆ ಕಷ್ಟ ಮುಗಿಯಿತೇ? ಇಲ್ಲ ಎಂಬುದನ್ನು ಮಡಗಾಸ್ಕರ್ ದ್ವೀಪದ 'ಪ್ಯಾಂಥರ್' ಗೋಸುಂಬೆಗಳು ತೋರಿಸಿಕೊಟ್ಟಿವೆ. ಬಣ್ಣಬಣ್ಣದ ಈ ಗೋಸುಂಬೆಗಳನ್ನು ಅಮೆರಿಕದಲ್ಲಿ ಮನೆಯೊಳಗೆ ಸಾಕುವ ಹವ್ಯಾಸ ಬೆಳೆದಾಗ ಒಂದು ಒಗಟು ಎದುರಾಯಿತು. ಮೊಟ್ಟೆಗಳೇನೋ ಆಗುತ್ತಿದ್ದವು, ಆದರೆ ಎಷ್ಟೋ ಕಡೆ ಮರಿಗಳು ಹೊರಬರುತ್ತಿರಲಿಲ್ಲ.

ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾನಿಲಯದ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಆಹಾರದಲ್ಲಿ 'ಎ' ಮತ್ತು 'ಡಿ' ಜೀವಸತ್ವಗಳ ಪ್ರಮಾಣವನ್ನು, ಮೈಮೇಲೆ ಬೀಳುವ ನೇರಳಾತೀತ ಕಿರಣದ ಪ್ರಮಾಣವನ್ನು ಬದಲಾಯಿಸುತ್ತಾ ಗೋಸುಂಬೆಗಳನ್ನು ಸಾಕಿದರು. 1996ರಲ್ಲಿ ಮತ್ತು 2002ರಲ್ಲಿ ಅವರ ಮುಖ್ಯ ವರದಿಗಳು ಪ್ರಕಟವಾದವು. ಆಹಾರದಲ್ಲಿ 'ಡಿ' ಕಡಿಮೆಯಿದ್ದಾಗ ಹೆಣ್ಣು ಗೋಸುಂಬೆಯ ಮೊಟ್ಟೆಯಿಂದ ಮರಿ ಹೊರಬರಬೇಕಾದರೆ ತಾಯಿಯ ಮೈಮೇಲೆ ನೇರಳಾತೀತ ಕಿರಣ ಬಿದ್ದಿರಲೇಬೇಕು ಎಂದು ಅವರು ಕಂಡುಕೊಂಡರು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಮಣ್ಣಿನಡಿ ಹೂತ ಮೊಟ್ಟೆಯೊಳಗಿನ ಮರಿ ಬಿಸಿಲು ಕಾಣಲಾರದು. ತಿಂಗಳುಗಟ್ಟಲೆ ಅದು ಬೆಳೆಯುವುದು ಕತ್ತಲಲ್ಲೇ. ಅದಕ್ಕೆ ಬೇಕಾದ 'ಡಿ' ಎಲ್ಲವನ್ನೂ ತಾಯಿ ಮೊಟ್ಟೆ ಕಟ್ಟುವಾಗಲೇ ಭಂಡಾರದಲ್ಲಿ ಬುತ್ತಿಯಂತೆ ಕಟ್ಟಿ ಕಳಿಸಿರಬೇಕು. ತಾಯಿಗೇ ಇಲ್ಲದಿದ್ದರೆ ಬುತ್ತಿ ಖಾಲಿ. ಭ್ರೂಣ ಮೊದಲ ದಿನಗಳಲ್ಲಿ ಚೆನ್ನಾಗಿಯೇ ಬೆಳೆಯಬಹುದು. ಆದರೆ ಕೊನೆಗೆ ಮೂಳೆ ಗಟ್ಟಿಯಾಗಬೇಕಾದ ಹೊತ್ತಿಗೆ, ಸಿಪ್ಪೆ ಸೀಳಿ ಹೊರಬರಲು ಸ್ನಾಯುಬಲ ಬೇಕಾದ ಹೊತ್ತಿಗೆ ಸೋಲುತ್ತದೆ. ಹೊರಬಾರದ ಮೊಟ್ಟೆಯನ್ನು ಬಿಡಿಸಿ ನೋಡಿದವರಿಗೆ ಪೂರ್ತಿ ಬಲಿತ ಮರಿ ಸತ್ತು ಮಲಗಿರುವುದು ಕಾಣಿಸುವುದುಂಟು.

ಕಿರಣ ಹೆಚ್ಚಾದಷ್ಟೂ ಒಳ್ಳೆಯದೇ ಎಂದರೆ ಅದೂ ಅಲ್ಲ. ಒಂದು ಮಧ್ಯಮ ಮಿತಿಯೊಳಗೆ ಕಿರಣ ಪಡೆದ ಹೆಣ್ಣುಗಳಲ್ಲಿಯೇ ಫಲ ಚೆನ್ನಾಗಿತ್ತು. ಆ ಪ್ರಮಾಣವನ್ನು ಮಂದ ದೀಪದ ಕೆಳಗೆ ದಿನವಿಡೀ ಇಟ್ಟಾದರೂ ಕೊಡಬಹುದು, ಪ್ರಖರ ದೀಪದ ಕೆಳಗೆ ಸ್ವಲ್ಪ ಹೊತ್ತು ಇಟ್ಟಾದರೂ ಕೊಡಬಹುದು.

ಡ್ರ್ಯಾಗನ್ನಿಗೂ ಬೇಕು ಬಿಸಿಲು

ಇದು ಸಣ್ಣ ಗೋಸುಂಬೆಗಳ ಮಾತಷ್ಟೇ ಅಲ್ಲ. ಜಗತ್ತಿನ ಅತಿ ದೊಡ್ಡ ಹಲ್ಲಿಯಾದ ಕೊಮೊಡೊ ಡ್ರ್ಯಾಗನ್ ಇಂಡೋನೇಷ್ಯಾದ ಕೆಲವೇ ದ್ವೀಪಗಳಲ್ಲಿದೆ. ಅದು ನಮ್ಮ ಉಡದ ಹತ್ತಿರದ ನೆಂಟ. ಇಂಡೋನೇಷ್ಯಾದ ಹೊರಗೆ ಇದರ ಮರಿಗಳು ಮೊದಲ ಬಾರಿಗೆ ಮೊಟ್ಟೆಯೊಡೆದು ಹೊರಬಂದದ್ದು 1992ರಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ಪ್ರಯತ್ನದಿಂದ. ಅಳಿವಿನ ಅಂಚಿನಲ್ಲಿರುವ ಪ್ರಾಣಿಯೊಂದರ ಮಟ್ಟಿಗೆ ಇದು ದೊಡ್ಡ ಸಂಗತಿ.

ಸೆರೆಯಲ್ಲಿರುವ ಕೊಮೊಡೊಗಳ ರಕ್ತ ಪರೀಕ್ಷಿಸಿದಾಗ, ಬಿಸಿಲು ಕಾಣದೆ ಒಳಾಂಗಣದಲ್ಲೇ ಇದ್ದವುಗಳಲ್ಲಿ 'ಡಿ' ಜೀವಸತ್ವದ ಮಟ್ಟ ಕಾಡಿನಲ್ಲಿರುವ ಕೊಮೊಡೊಗಳಿಗಿಂತ ಬಹಳ ಕೆಳಗಿರುವುದು ತಿಳಿದುಬಂತು. ಅವುಗಳನ್ನು ಬಿಸಿಲಿಗೆ ಬಿಟ್ಟಾಗ ಅಥವಾ ತಕ್ಕ ನೇರಳಾತೀತ ದೀಪ ಹಾಕಿದಾಗ ಮಟ್ಟ ಮೇಲೇರಿತು. ಇಂದು ಒಳ್ಳೆಯ ಮೃಗಾಲಯಗಳಲ್ಲಿ ಸರೀಸೃಪಗಳ ಮನೆಗೆ ಬೆಳಕು ಹಾಕುವಾಗ ಪ್ರೇಕ್ಷಕರಿಗೆ ಚೆನ್ನಾಗಿ ಕಾಣಿಸುತ್ತದೆಯೇ ಎಂದಷ್ಟೇ ನೋಡುವುದಿಲ್ಲ. ಪ್ರಾಣಿಯ ಬೆನ್ನಿನ ಮೇಲೆ ಎಷ್ಟು ಕಿರಣ ಬೀಳುತ್ತದೆ ಎಂದು ಉಪಕರಣದಿಂದ ಅಳೆಯುತ್ತಾರೆ.

ಗೋಡೆಯ ಹಲ್ಲಿಯ ಜಾಣತನ

ಹಲ್ಲಿಗಳು ತಮಗೆಷ್ಟು ಬೇಕೆಂದು ತಾವೇ ಬಲ್ಲವು ಎಂದರೆ ಅಚ್ಚರಿಯಾಗಬಹುದು. ಫರ್ಗುಸನ್ ಅವರ ಬಳಗದ, 2003ರಲ್ಲಿ ಮತ್ತು 2009ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಆಹಾರದಲ್ಲಿ 'ಡಿ' ಕಡಿಮೆ ಸಿಕ್ಕ ಗೋಸುಂಬೆಗಳು ನೇರಳಾತೀತ ಕಿರಣದ ಕಡೆಗೆ ಹೆಚ್ಚು ಬಂದು ಕುಳಿತವು. ಹೊಟ್ಟೆಗೆ ಸಾಕಷ್ಟು 'ಡಿ' ಸಿಕ್ಕವು ಅಷ್ಟಾಗಿ ಬರಲಿಲ್ಲ. ಯಾವ ರಕ್ತ ಪರೀಕ್ಷೆಯೂ ಇಲ್ಲದೆ ಈ ಪ್ರಾಣಿ ತನ್ನ ಕೊರತೆಯನ್ನು ತಿಳಿದು ಚಿಕಿತ್ಸೆ ಮಾಡಿಕೊಳ್ಳುತ್ತದೆ. ಆಯ್ಕೆಗೆ ಅವಕಾಶ ಕೊಡುವುದಷ್ಟೇ ನಮ್ಮ ಕೆಲಸ.

ಹಾಗಾದರೆ ರಾತ್ರಿ ಟ್ಯೂಬ್‌ಲೈಟಿನ ಬಳಿ ಹುಳ ಹಿಡಿಯುವ ಗೋಡೆಯ ಹಲ್ಲಿಯ ಗತಿ ಏನು? ಅದಕ್ಕೂ ಉತ್ತರವಿದೆ. ನಮ್ಮ ಮನೆಹಲ್ಲಿಗಳ ಕುಲಕ್ಕೇ ಸೇರಿದ ಮೆಡಿಟರೇನಿಯನ್ ಹಲ್ಲಿಯನ್ನೂ ಹಗಲೆಲ್ಲ ಬಿಸಿಲಲ್ಲಿರುವ ಟೆಕ್ಸಾಸಿನ ಮುಳ್ಳು ಓತಿಯನ್ನೂ ಹೋಲಿಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಸಮಾನ ಕಿರಣ ಬಿದ್ದಾಗ ಮನೆಹಲ್ಲಿಯ ಚರ್ಮವೇ ಹೆಚ್ಚು ಸಮರ್ಥವಾಗಿ 'ಡಿ' ತಯಾರಿಸಿತು. ಹಗಲಲ್ಲಿ ಸಂದಿಯಿಂದ ಇಣುಕಿದಾಗ ಬೀಳುವ ಅಲ್ಪಸ್ವಲ್ಪ ಬಿಸಿಲನ್ನೇ ಅದು ಚೆನ್ನಾಗಿ ಬಳಸಿಕೊಳ್ಳುತ್ತದೆ. ಬಿಸಿಲಿಗೆ ಒಗ್ಗಿದ ಜಾತಿಯ ಚರ್ಮ ತನ್ನನ್ನು ಕಾಪಾಡಿಕೊಳ್ಳುವಷ್ಟು ದಪ್ಪ. ನೆರಳಿಗೆ ಒಗ್ಗಿದ ಜಾತಿಯ ಚರ್ಮ ತೆಳು. ಆದ್ದರಿಂದ ಎಲ್ಲ ಜಾತಿಗೂ ಒಂದೇ ದೀಪ ಎಂಬುದು ತಪ್ಪು.

ಯಾವ ದೀಪ, ಎಷ್ಟು ದೂರ?

ಬಿಸಿಲಿನ ನೇರಳಾತೀತ ಶಕ್ತಿಯನ್ನು 'ಯುವಿ ಸೂಚ್ಯಂಕ' ಎಂಬ ಅಂಕಿಯಿಂದ ಹೇಳುವುದು ರೂಢಿ. ಬೇಸಿಗೆಯ ನಡುಹಗಲಲ್ಲಿ ಬೆಂಗಳೂರಿನಲ್ಲಿ ಇದು 10ನ್ನು ದಾಟುತ್ತದೆ. ಆದರೆ ಹಲ್ಲಿಗಳು ಅಂಥ ಬಿಸಿಲಲ್ಲಿ ಸದಾ ಕುಳಿತಿರುವುದಿಲ್ಲ. ಫರ್ಗುಸನ್ ತಂಡ ಕಾಡಿನಲ್ಲೇ ಹಲ್ಲಿ, ಹಾವುಗಳ ಬೆನ್ನ ಬಳಿ ಅಳೆದು 2010ರಲ್ಲಿ ನಾಲ್ಕು ವರ್ಗಗಳನ್ನು ಮಾಡಿತು. ಸರಾಸರಿ ಲೆಕ್ಕದಲ್ಲಿ, ನೆರಳಲ್ಲೇ ಇರುವ ಅಥವಾ ಸಂಜೆ, ರಾತ್ರಿ ಓಡಾಡುವ ಜಾತಿಗಳಿಗೆ 0ಯಿಂದ 0.7, ಆಗಾಗ ಬಿಸಿಲು ಕಾಯುವವುಗಳಿಗೆ 0.7ರಿಂದ 1.0, ಬಯಲಲ್ಲಿ ಬಿಸಿಲು ಕಾಯುವವುಗಳಿಗೆ 1.0ಯಿಂದ 2.6; ನಡುಹಗಲಿನ ಬಿಸಿಲನ್ನೂ ಬಿಡದವುಗಳಿಗೆ 2.6ರಿಂದ 3.5.

ದೀಪ ಕೊಳ್ಳುವವರು ನೆನಪಿಡಬೇಕಾದ ಅಂಶಗಳು ಇವು:

1. ಪೆಟ್ಟಿಗೆಯ ಮೇಲೆ 'ಸರೀಸೃಪಗಳಿಗೆ' ಎಂದು ಬರೆದಿದ್ದರೆ ಸಾಲದು. ಶಾಖದ ಬಲ್ಬು ಬೇರೆ, ನೇರಳಾತೀತ 'ಬಿ' ಕಿರಣ ಕೊಡುವ ದೀಪ ಬೇರೆ. ಬಣ್ಣದ ಬಲ್ಬು ಇವೆರಡಕ್ಕೂ ಬದಲಿಯಲ್ಲ.

2. ದೀಪ ದೂರವಾದಷ್ಟೂ ಕಿರಣದ ಬಲ ವೇಗವಾಗಿ ಇಳಿಯುತ್ತದೆ. ತಯಾರಕರು ಹೇಳಿದ ದೂರವನ್ನು ಪಾಲಿಸಿ. ತೀರ ಹತ್ತಿರ ಇಟ್ಟರೆ ಕಣ್ಣು ಉರಿದು ಊದಿಕೊಳ್ಳುತ್ತದೆ, ಚರ್ಮ ಸುಡುತ್ತದೆ.

3. ದೀಪಕ್ಕೂ ಪ್ರಾಣಿಗೂ ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು. ಒತ್ತಾದ ಜಾಲರಿಯೂ ಕಿರಣದ ಒಳ್ಳೆಯ ಪಾಲನ್ನು ತಿಂದುಹಾಕುತ್ತದೆ.

4. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕಿರಣ ಬರುತ್ತಿದೆ ಎಂದಲ್ಲ. ಬೆಳಕು ಹಾಗೆಯೇ ಇದ್ದರೂ ತಿಂಗಳುಗಳು ಕಳೆದಂತೆ ಕಿರಣ ಕುಗ್ಗುತ್ತದೆ. ಕೊಂಡ ದಿನಾಂಕವನ್ನು ದೀಪದ ಮೇಲೆಯೇ ಬರೆದಿಟ್ಟು, ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ.

5. ದೀಪವನ್ನು ಮೇಲಿನಿಂದಲೇ ಹಾಕಿ, ಪಕ್ಕದಿಂದ ಬೇಡ. ಶಾಖದ ಬಲ್ಬೂ ಅದೇ ಮೂಲೆಯಲ್ಲಿರಲಿ. ಇನ್ನೊಂದು ತುದಿ ತಂಪಾಗಿ, ನೆರಳಾಗಿ ಇರಲಿ. ಹಗಲಲ್ಲಿ ಹತ್ತು ಹನ್ನೆರಡು ಗಂಟೆ ಸಾಕು. ರಾತ್ರಿ ಕತ್ತಲು ಬೇಕು.

ನಮ್ಮ ನಾಡಿನಲ್ಲಿ ದೀಪಕ್ಕಿಂತ ಒಳ್ಳೆಯದು ಪುಕ್ಕಟೆಯಾಗಿ ಸಿಗುತ್ತದೆ. ತಾರಸಿಯ ಮೇಲೆ ಜಾಲರಿಯ ಗೂಡಿನಲ್ಲಿ, ಅರ್ಧ ನೆರಳು, ಕುಡಿಯಲು ನೀರು ಇಟ್ಟು ಕಾವಲಿದ್ದು ಬಿಸಿಲಿಗೆ ಬಿಡುವುದು ಎಲ್ಲಕ್ಕಿಂತ ಉತ್ತಮ. ಗಾಜಿನ ತೊಟ್ಟಿಯನ್ನೇ ಬಿಸಿಲಲ್ಲಿಡುವುದು ಮಾತ್ರ ಕೊಲೆಗೆ ಸಮ. ಕೆಲವೇ ನಿಮಿಷಗಳಲ್ಲಿ ಒಳಗಿನ ಶಾಖ ಏರಿ ಪ್ರಾಣಿ ಸಾಯುತ್ತದೆ.

ಪುಡಿ ಉದುರಿಸಿದರೆ ಸಾಲದೇ?

ಅಂಗಡಿಯಲ್ಲಿ ಸಿಗುವ 'ಡಿ-3' ಪುಡಿಯನ್ನು ಆಹಾರಕ್ಕೆ ಉದುರಿಸಿದರೆ ದೀಪದ ಖರ್ಚು ಉಳಿಯುತ್ತದಲ್ಲ ಎಂದು ಅನೇಕರು ಕೇಳುತ್ತಾರೆ. ನೆದರ್ಲೆಂಡಿನ ವಿಜ್ಞಾನಿಗಳು ಆಸ್ಟ್ರೇಲಿಯಾ ಮೂಲದ ಗಡ್ಡದ ಓತಿಯ ಮರಿಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಬಾಯಿಯ ಮೂಲಕ 'ಡಿ' ಪಡೆದ ಮರಿಗಳಿಗಿಂತ ನೇರಳಾತೀತ ಕಿರಣ ಪಡೆದ ಮರಿಗಳ ರಕ್ತದಲ್ಲಿ, ಯಕೃತ್ತಿನಲ್ಲಿ ತಯಾರಾಗುವ 'ಡಿ' ರೂಪ 18 ಪಟ್ಟು ಹೆಚ್ಚಿತ್ತು. ದಿನಕ್ಕೆ ಎರಡು ಗಂಟೆಯ ಕಿರಣವೇ ಸಾಕಾಗಿತ್ತು.

ಇನ್ನೊಂದು ವ್ಯತ್ಯಾಸವೂ ಇದೆ. ಚರ್ಮದಲ್ಲಿ 'ಡಿ' ಸಾಕಷ್ಟಾದ ಮೇಲೂ ಬಿಸಿಲು ಬಿದ್ದರೆ ಅದೇ ಬಿಸಿಲು ಹೆಚ್ಚಿನದನ್ನು ನಿರುಪಯೋಗಿ ವಸ್ತುಗಳಾಗಿ ಬದಲಾಯಿಸಿಬಿಡುತ್ತದೆ. ಹೀಗಾಗಿ ಬಿಸಿಲಿನಿಂದ 'ಡಿ' ವಿಷವಾಗುವುದಿಲ್ಲ. ಪುಡಿಗೆ ಇಂಥ ಕಡಿವಾಣವಿಲ್ಲ. ಮಿತಿಮೀರಿ ತಿನ್ನಿಸಿದರೆ ರಕ್ತನಾಳ, ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟಿಕೊಂಡು ಪ್ರಾಣಿ ಸಾಯಬಹುದು. ರಾತ್ರಿ ಸಂಚರಿಸುವ ಕೆಲವು ಜಾತಿಗಳು ಆಹಾರದ 'ಡಿ'ಯಿಂದಲೇ ಬದುಕಬಲ್ಲವು, ನಿಜ. ಆದರೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ದೀಪ ಹಾಕಿದ ಮೇಲೆ ಆಹಾರವನ್ನು ಮರೆಯುವಂತೆಯೂ ಇಲ್ಲ. ತಟ್ಟೆಯಲ್ಲಿ ಸುಣ್ಣದ ಅಂಶವೇ ಇಲ್ಲದಿದ್ದರೆ 'ಡಿ' ಹೀರುವುದಾದರೂ ಏನನ್ನು? ಸೌತೆಕಾಯಿ, ಬಾಳೆಹಣ್ಣಿನಲ್ಲಿ ಅದು ಬಹಳ ಕಡಿಮೆ. ಇಗುವಾನಾದಂಥ ಸೊಪ್ಪು ತಿನ್ನುವ ಜಾತಿಗೆ ನುಗ್ಗೆಸೊಪ್ಪು, ಮೆಂತ್ಯದ ಸೊಪ್ಪಿನಂಥವು ಒಳ್ಳೆಯವು. ಪಾಲಕ್ ಹೆಚ್ಚು ಕೊಡಬಾರದು. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಹುಳ ತಿನ್ನುವ ಜಾತಿಗಳಿಗೆ ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು, ಏಕೆಂದರೆ ಹುಳಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ.

ಎಂದು ವೈದ್ಯರ ಬಳಿ ಹೋಗಬೇಕು?

ಮೊಟ್ಟೆ ಕಟ್ಟಿದ ಹೆಣ್ಣು ಕೆಲವು ವಾರ ಆಹಾರ ಕಡಿಮೆ ಮಾಡುವುದು ಸಹಜ. ಚುರುಕಾಗಿದ್ದು, ನೀರು ಕುಡಿಯುತ್ತಿದ್ದು, ಅಗೆಯಲು ಜಾಗ ಹುಡುಕುತ್ತಿದ್ದರೆ ತೇವದ ಮಣ್ಣು, ಮರಳು ತುಂಬಿದ ಆಳದ ಪೆಟ್ಟಿಗೆ ಇಟ್ಟು ಕಾಯಬಹುದು. ಆದರೆ ಬೆರಳು ನಡುಗುವುದು, ಕಾಲೆಳೆದು ನಡೆಯುವುದು, ದವಡೆ ಮೆತ್ತಗಾಗುವುದು, ಕಣ್ಣು ಗುಳಿಬೀಳುವುದು, ಕೆಲವೇ ಮೊಟ್ಟೆ ಇಟ್ಟು ನಿಂತು ಸುಸ್ತಾಗಿ ಮಲಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಹೊಟ್ಟೆ ಒತ್ತಿ ಮೊಟ್ಟೆ ತೆಗೆಯುವ ಸಾಹಸ ಮಾಡಲೇಬೇಡಿ. ಮೊಟ್ಟೆ ಒಳಗೇ ಒಡೆದರೆ ಜೀವಕ್ಕೇ ಸಂಚಕಾರ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉಡ, ಗೋಸುಂಬೆ ಮುಂತಾದ ನಮ್ಮ ನಾಡಿನ ಕಾಡುಪ್ರಾಣಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇಗುವಾನಾದಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು, ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅವುಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು.

ಅಜ್ಜಿಯ ಪ್ರಶ್ನೆ

ಪಚ್ಚೆಗೆ ಮೊದಲು ಸುಣ್ಣದ ಅಂಶದ ಚುಚ್ಚುಮದ್ದು, ದ್ರವ, ಬೆಚ್ಚನೆಯ ಜಾಗ ಕೊಟ್ಟು ಎರಡು ದಿನ ಕಾದೆವು. ನಡುಕ ನಿಂತಿತು, ಮೊಟ್ಟೆ ಬರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಮೂವತ್ತನಾಲ್ಕು ಮೊಟ್ಟೆಗಳನ್ನೂ ಅಂಡಾಶಯವನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು. ಮೂಳೆಗಳು ತಿಂಗಳುಗಳ ನಂತರ ಗಟ್ಟಿಯಾದವು. ದವಡೆಯ ಸೊಟ್ಟು ಮಾತ್ರ ಹಾಗೆಯೇ ಉಳಿಯಿತು.

ಆ ಶನಿವಾರ ಗಾಜಿನ ವಿಷಯ ಹೇಳಿ ಮುಗಿಸಿದಾಗ ಅಜ್ಜಿ ಅಲ್ಲಿಯವರೆಗೆ ಸುಮ್ಮನಿದ್ದವರು ಕೇಳಿದರು: "ಡಾಕ್ಟ್ರೇ, ನಾನೂ ಆ ಕಿಟಕಿ ಹತ್ತಿರವೇ ಅಲ್ವಾ ಕೂರೋದು? ಬಿಸಿಲು ಬರುತ್ತೆ ಅಂತ ಕುರ್ಚಿ ಅಲ್ಲಿಗೇ ಹಾಕಿಸಿಕೊಂಡಿದ್ದೀನಿ. ಮಂಡಿ, ಸೊಂಟ ಎಲ್ಲಾ ನೋವು."

ನಾನು ಪಶುವೈದ್ಯ. ಅವರ ನೋವಿಗೆ ಕಾರಣ ಇದೇ ಎಂದು ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಗಾಜು ಹಲ್ಲಿ, ಮನುಷ್ಯ ಎಂದು ಭೇದ ಮಾಡುವುದಿಲ್ಲ. "ಅಮ್ಮಾ, ಒಮ್ಮೆ ನಿಮ್ಮ ಡಾಕ್ಟರಿಗೂ ಇದನ್ನೇ ಕೇಳಿ" ಎಂದೆ. ಪರೀಕ್ಷೆಯಲ್ಲಿ ಅವರಿಗೂ 'ಡಿ' ಬಹಳ ಕಡಿಮೆಯಿದ್ದದ್ದು ಆಮೇಲೆ ತಿಳಿಯಿತು.

1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ರಿಕೆಟ್ಸ್ ರೋಗದಿಂದ ಕಾಲು ಡೊಂಕಾದ ಮಕ್ಕಳಿಗೆ ಪಾದರಸದ ದೀಪದ ನೇರಳಾತೀತ ಕಿರಣ ಕೊಟ್ಟು ಗುಣಪಡಿಸಿದರು. ಒಂದೇ ತೋಳಿಗೆ ಕಿರಣ ಕೊಟ್ಟರೂ ಎರಡೂ ತೋಳಿನ ಮೂಳೆ ಗಟ್ಟಿಯಾಗಿತ್ತು. ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತು ರಕ್ತದಲ್ಲಿ ಇಡೀ ಮೈಗೆ ಹರಿಯುತ್ತದೆ ಎಂದು ಅದರಿಂದ ತಿಳಿಯಿತು. ಹಲ್ಲಿಗಳ ಪಾಠ ಮೊದಲು ಮನುಷ್ಯರ ಮಕ್ಕಳಿಂದಲೇ ಕಲಿತದ್ದು.

ವರ್ಷದ ಬಹುಪಾಲು ಬಿಸಿಲಿರುವ ನಮ್ಮ ದೇಶದಲ್ಲೂ ನಗರವಾಸಿಗಳಲ್ಲಿ 'ಡಿ' ಕೊರತೆ ಸಾಮಾನ್ಯ. ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲಿ ಈ ಕಿರಣ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಗಾಜಿನ ಹೊರಗೆ, ಕೈಕಾಲಿನ ಮೇಲೆ ಸ್ವಲ್ಪ ಹೊತ್ತು ಬಿಸಿಲು ಬೀಳಬೇಕು. ಚರ್ಮ ಉರಿಯುವಷ್ಟು ಹೊತ್ತು ಬೇಡ. ಗರ್ಭಿಣಿಯರ ವಿಷಯದಲ್ಲಿ ಗೋಸುಂಬೆಯ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಹುಟ್ಟುವ ಮಗುವಿನ 'ಡಿ' ತಾಯಿಯಿಂದಲೇ ಬರುವುದು. ತಾಯಿಯಲ್ಲಿ ಕೊರತೆಯಿದ್ದರೆ ಮಗುವಿನಲ್ಲೂ ಕೊರತೆ. ಮಾತ್ರೆ, ಚುಚ್ಚುಮದ್ದುಗಳನ್ನು ವೈದ್ಯರು ಹೇಳದೆ ತೆಗೆದುಕೊಳ್ಳಬಾರದು. ಪುಡಿಗೆ ಕಡಿವಾಣವಿಲ್ಲ ಎಂದು ಮೇಲೆ ಹೇಳಿದ್ದು ಮನುಷ್ಯರಿಗೂ ಸಲ್ಲುತ್ತದೆ. ಸಾಕುಪ್ರಾಣಿಯ ದೀಪದ ಕೆಳಗೆ ಮನೆಮಂದಿ ಕುಳಿತುಕೊಳ್ಳುವುದೂ ಬೇಡ. ಅದನ್ನು ಮಾಡಿರುವುದು ನಮಗಲ್ಲ.

ಈಗ ಆ ಮನೆಯ ತಾರಸಿಯಲ್ಲಿ ಒಂದು ಜಾಲರಿಯ ಗೂಡಿದೆ. ಹತ್ತು ಗಂಟೆಯ ನಂತರ ಪಚ್ಚೆ ಅದರೊಳಗೆ ಅರ್ಧ ತಾಸು ಮೈಚಾಚಿ ಮಲಗುತ್ತದೆ. ಅದು ಹೆಚ್ಚು ಬಿಸಿಯಾಗದಂತೆ ನೋಡಿಕೊಳ್ಳುವ ಕೆಲಸ ಅಜ್ಜಿಯದು. ಅವರ ಕುರ್ಚಿಯೂ ಕಿಟಕಿ ಬಿಟ್ಟು ಮೇಲೆ ಬಂದಿದೆ.